ನಾಲ್ಕನೇ ಮೇಜಿನ ಸಿನಿಮಾ

ನನ್ನ ತಂಗಿಯ ಮಗ ರಂಜನ್ ಸಿನಿಮಾ ಮಾಡುತ್ತಾನೆ ಎಂದು ಈಗಲೂ ಯಾರಾದರೂ ಗಿರಾಕಿ ಹೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಮಾಡುತ್ತಾನೆ ಅಲ್ಲ ಮಾರಾಯ್ರೇ, ಮಾಡುತ್ತಿದ್ದ. ಹದಿನಾಲ್ಕು ವರ್ಷ ಮಾಡಿದ. ಈಗ ಘಣಸೋಲಿಯಲ್ಲಿ ಒಬ್ಬ ಬಿಲ್ಡರನ ಆಫೀಸಿನಲ್ಲಿ ಕೂತು, ಇನ್ನೂ ಪಾಯ ತೋಡದ ಬಿಲ್ಡಿಂಗಿನ ಫ್ಲ್ಯಾಟುಗಳನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾನೆ. ಅವನು ಅಲ್ಲಿಗೆ ಹೇಗೆ ಹೋಗಿ ಬಿದ್ದ ಎಂದು ಕೇಳಿದವರಿಗೆಲ್ಲ ನಾನು ಒಂದು ವರ್ಷದುದ್ದಕ್ಕೂ ವಾಶಿಯ ಸಂಘದವರನ್ನು ಬೈದೇ ಕಥೆ ಹೇಳಿದ್ದೇನೆ. ಈಗ ಸರಿಯಾದ ಕಥೆ ಹೇಳುತ್ತೇನೆ, ಕೇಳಿ.

ಡೊಂಬಿವಲಿ ಪೂರ್ವದಲ್ಲಿ ಕಿಟ್ಟಣ್ಣ ಎಂದರೆ ನಾನು ಎಲ್ಲರಿಗೂ ಗೊತ್ತು. ಮಾನಪಾಡಾ ರೋಡಿನಲ್ಲಿ ನಲವತ್ತೊಂದು ವರ್ಷದಿಂದ ಮೂಕಾಂಬಿಕಾ ಲಂಚ್ ಹೋಮ್ ನಡೆಸುತ್ತಿದ್ದೇನೆ. ಒಂಬತ್ತು ಮೇಜಿನ ಸಣ್ಣ ಹೋಟೆಲು. ಬಾಗಿಲ ಪಕ್ಕದಲ್ಲಿ ಗಲ್ಲಾ, ಗಲ್ಲಾದ ಬದಿಯ ಗೋಡೆಯಲ್ಲಿ ದೇವಿಯ ಫೋಟೋ, ಅದರ ಎದುರು ಹಿತ್ತಾಳೆಯ ದೀಪ. ಬೆಳಿಗ್ಗೆ ದೀಪ ಹಚ್ಚಿ, ಮೊದಲ ಲೋಟ ಚಹಾ ದೇವಿಯ ಮುಂದೆ ಇಟ್ಟ ಮೇಲೆಯೇ ಶಟರು ಪೂರ್ತಿ ಮೇಲೆ ಹೋಗುವುದು. ಉರಿಯುವ ದೀಪಕ್ಕೆ ಯಾರೂ ಬೆನ್ನು ಹಾಕಬಾರದೆಂದು ಮೇಜು ಕುರ್ಚಿಗಳನ್ನೂ ಅದಕ್ಕೆ ತಕ್ಕ ಹಾಗೆ ಹಾಕಿಸಿದ್ದೇನೆ. ಗಲ್ಲಾದಲ್ಲಿ ಕೂತರೆ ನನ್ನ ಮುಖ ರಸ್ತೆಗೆ, ಬೆನ್ನು ಅಡುಗೆಮನೆಗೆ. ಹೋಟೆಲಿನವನು ರಸ್ತೆ ನೋಡಬೇಕು. ಯಾರು ಬರುತ್ತಾರೆ, ಯಾರು ಬಿಲ್ಲು ಕೊಡದೆ ಜಾರುತ್ತಾರೆ ಎಂಬುದೆಲ್ಲ ಅಲ್ಲಿಯೇ ಗೊತ್ತಾಗುವುದು. ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ ಇದೆ, ಇಡ್ಲಿ ದೋಸೆ ಅಲ್ಲಿಂದ ಹೊರಗೆ ಬರುತ್ತದೆ. ನಾನು ಕೂತಲ್ಲಿಂದಲೇ ಕೂಗಿದರೆ ಸಾಕು.

ಆ ಕಿಂಡಿಯ ಆಚೆ ಇರುವವಳು ನನ್ನ ತಂಗಿ ಜಯಲತಾ. ಭಾವ ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಗುಮಾಸ್ತರಾಗಿದ್ದರು. ಒಂದು ಮಳೆಗಾಲ ಕಾಮಾಲೆ ಬಂದು ಹದಿನೈದೇ ದಿನದಲ್ಲಿ ತೀರಿಕೊಂಡರು. ಎಂಟು ವರ್ಷದ ರಂಜುವಿನ ಕೈ ಹಿಡಿದುಕೊಂಡು ಜಯಾ ನನ್ನಲ್ಲಿಗೆ ಬಂದಳು. "ಸುಮ್ಮನೆ ಕೂತು ಉಣ್ಣುದಿಲ್ಲ ಅಣ್ಣಾ" ಎಂದು ಮರುದಿನವೇ ತರಕಾರಿ ಹೆಚ್ಚಲು ಕೂತಳು. ಒಂದು ತಿಂಗಳಲ್ಲಿ ಸಾಂಬಾರಿನ ಮಸಾಲೆ ಅವಳ ಕೈಗೆ ಹೋಯಿತು. ಕಲ್ಯಾಣದಿಂದ ಆ ಸಾಂಬಾರಿಗೆಂದೇ ಬರುವವರಿದ್ದಾರೆ. ಹೋಗುವಾಗ ಗಲ್ಲಾದ ಹತ್ತಿರ ನಿಂತು "ಕಿಟ್ಟಣ್ಣಾ, ನಿಮ್ಮ ಸಾಂಬಾರು ಅಂದ್ರೆ ಸಾಂಬಾರು" ಎನ್ನುತ್ತಾರೆ. ನಾನು ಕೈ ಮುಗಿಯುತ್ತೇನೆ. ಮನೆಯ ಹೆಂಗಸರು ಗಿರಾಕಿಗಳ ನಡುವೆ ಹಾಲಿನಲ್ಲಿ ಬಂದು ಕೂರುವುದು ನಮ್ಮಲ್ಲಿ ಇಲ್ಲ. ಅದು ನಾನು ಮಾಡಿದ ನಿಯಮವೂ ಅಲ್ಲ, ನಾನು ಮೊದಲು ಕೆಲಸಕ್ಕಿದ್ದ ಧಣಿಗಳ ಹೋಟೆಲಿನಲ್ಲೂ ಹಾಗೆಯೇ ಇತ್ತು.

ರಂಜು ಬಿ.ಕಾಂ. ಮುಗಿಸಿದಾಗ ನಾನು ಅವನಿಗೆ ಗಲ್ಲಾದ ಕುರ್ಚಿ ತೋರಿಸಿದೆ. ಅವನು ನನಗೆ ಠಾಣೆ ಶಹರದಲ್ಲಿ ಮರಾಠಿ ಸೀರಿಯಲ್ಲುಗಳ ಎಡಿಟಿಂಗ್ ನಡೆಯುವ ಒಂದು ಸ್ಟುಡಿಯೋ ತೋರಿಸಿದ. ಕಿಟಕಿ ಇಲ್ಲದ ಕೋಣೆ, ಹನ್ನೆರಡು ಹನ್ನೆರಡು ಗಂಟೆ ಕೆಲಸ, ತಿನ್ನಲು ವಡಾಪಾವ್. ಹೋಟೆಲಿನವರ ಹುಡುಗ ವಡಾಪಾವ್ ತಿಂದು ಬದುಕುವುದೆಂದರೆ ಎಂತ ಕರ್ಮ! ಜಯಾ ಮಾತ್ರ "ಅವನ ಇಷ್ಟ ಅಣ್ಣಾ" ಎಂದಳು. ಮದುವೆಗಳ ವಿಡಿಯೋ ಮಾಡಿ, ಆ ದುಡ್ಡಿನಲ್ಲಿ ಎರಡು ಕಿರುಚಿತ್ರ ತೆಗೆದ. ಗೋಡೆಗೆ ಎರಡು ಸರ್ಟಿಫಿಕೇಟು ಬಂತು, ಮನೆಗೆ ಒಂದು ಕಾಳೂ ಬರಲಿಲ್ಲ.

ಒಂಬತ್ತು ವರ್ಷದ ಹಿಂದೆ ಒಂದು ಹೊಸ ಕ್ಯಾಮೆರಾ ತಂದ. ಮೋಸಂಬಿಯ ಗಾತ್ರದ ಗುಂಡು, ಅದರ ಸುತ್ತ ಕಣ್ಣುಗಳು.

"ಇದರ ಎದುರು ಯಾವುದು ಮಾರಾಯ, ಹಿಂದೆ ಯಾವುದು?" ಎಂದು ಕೇಳಿದೆ.

"ಇದಕ್ಕೆ ಹಿಂದೆ ಅಂತ ಇಲ್ಲ ಮಾವ. ಸುತ್ತ ಇರುವುದೆಲ್ಲ ಒಟ್ಟಿಗೇ ತೆಗೀತದೆ. ನೋಡುವವರು ಕಣ್ಣಿಗೆ ಡಬ್ಬ ಕಟ್ಟಿಕೊಳ್ಬೇಕು. ಕಟ್ಟಿಕೊಂಡ್ರೆ ಆ ಜಾಗದ ಒಳಗೇ ಹೋಗಿ ಕೂತ ಹಾಗೆ. ತಲೆ ಎಲ್ಲಿಗೆ ತಿರುಗಿಸ್ತೀರೋ ಅಲ್ಲಿಯದ್ದು ಕಾಣ್ತದೆ."

"ಹಾಗಾದ್ರೆ ನೋಡುವವನು ಬೇರೆ ಕಡೆ ನೋಡಿಬಿಟ್ರೆ? ನೀನು ತೋರಿಸ್ಬೇಕಾದ್ದು ಅವನಿಗೆ ಕಾಣದೇ ಹೋದ್ರೆ?"

"ಅದೇ ಮಾವ ಮಜಾ" ಎಂದು ನಕ್ಕ.

ಮಜಾ ಅಂತೆ! ಆ ಮಜಾ ಅವನನ್ನು ಎಂಟು ವರ್ಷ ಅಲೆಸಿತು. ಬೇರೆ ಡೈರೆಕ್ಟರುಗಳು ಕ್ಯಾಮೆರಾದ ಹಿಂದೆ ನಿಂತು ಜೋರು ಮಾಡುತ್ತಾರೆ. ಇವನಿಗೆ ಆ ಭಾಗ್ಯವೂ ಇಲ್ಲ. ಕ್ಯಾಮೆರಾ ಇಟ್ಟು, ಗುಂಡಿ ಒತ್ತಿ, ಕಳ್ಳನ ಹಾಗೆ ಓಡಿ ಅಡಗಿಕೊಳ್ಳಬೇಕು, ಇಲ್ಲದಿದ್ದರೆ ಇವನೇ ಸಿನಿಮಾದಲ್ಲಿ ಬಂದುಬಿಡುತ್ತಾನೆ. ಕಳಂಬೋಲಿಯಲ್ಲಿ ತನ್ನ ಅಪ್ಪ ಕೆಲಸ ಮಾಡಿದ ಮಾರ್ಕೆಟಿನ ಸಿನಿಮಾ ತೆಗೆಯುವಾಗ ಕಬ್ಬಿಣದ ತಗಡುಗಳ ಹಿಂದೆ ಅಡಗಿ ಮೊಣಕೈ ಸುಟ್ಟುಕೊಂಡು ಬಂದ. ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಕ್ಯಾಮೆರಾ ಸಿಕ್ಕಿಸಿದಾಗ ಯಾರೋ ಪುಣ್ಯಾತ್ಮ ಅದನ್ನು ಕೊಕ್ಕೆ ಎಂದುಕೊಂಡು ಟಿಫಿನ್ ಚೀಲ ತೂಗುಹಾಕಿದನಂತೆ. ಘಾಟಕೋಪರದವರೆಗೆ ಚೀಲದ ಒಳಗಿನ ಕತ್ತಲೆಯೇ ಸಿನಿಮಾ.

ಆದದ್ದನ್ನು ನೋಡುವವರಾದರೂ ಯಾರು? ದೊಡ್ಡ ಜನ "ಫೋನಿಗೆ ಕಳಿಸಿ, ನೋಡ್ತೇವೆ" ಎನ್ನುತ್ತಾರೆ. ಫೋನಿನಲ್ಲಿ ಅದು ಹಿಂಡಿ ಹಾಕಿದ ಬಟ್ಟೆಯ ಹಾಗೆ ಕಾಣುತ್ತದೆ. ಹೊರದೇಶದ ಒಂದು ಉತ್ಸವದವರು ಪತ್ರ ಬರೆದರು, ನಿಮ್ಮ ಚಿತ್ರ ಬಹಳ ಚೆನ್ನಾಗಿದೆ, ಆಯ್ಕೆಯಾಗಿಲ್ಲ ಎಂದು. ನಮ್ಮವರ ಮದುವೆ ಮುಂಜಿಯಲ್ಲಿ "ರಂಜು, ನಿನ್ನ ಆ ಆಟದ ಡಬ್ಬ ತಾ, ಮಕ್ಕಳು ರಗಳೆ ಮಾಡ್ತಾ ಇದ್ದಾವೆ" ಎಂದು ಕೇಳುತ್ತಿದ್ದರು. ಅವನು ಕೊಡುತ್ತಿದ್ದ. ಎಣ್ಣೆ, ಕುಂಕುಮ, ಐಸ್‌ಕ್ರೀಮು ಮೆತ್ತಿಸಿಕೊಂಡು ವಾಪಸು ಬಂದದ್ದನ್ನು ಮೂಲೆಯಲ್ಲಿ ಕೂತು ಒರೆಸುತ್ತಿದ್ದ. ಅದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು, ಆದರೆ ಬೈದದ್ದು ಅವನನ್ನೇ.

ಆಗ ವಾಶಿಯ ಅವಕಾಶ ಬಂತು. ಅಲ್ಲಿ ನಮ್ಮ ಕರಾವಳಿಯವರ ಒಂದು ಸಂಘ, ಹೊಸ ಕಟ್ಟಡ ಎದ್ದಿತ್ತು. ಅಧ್ಯಕ್ಷ ಯಶ್ವಂತ್, ಕೇಟರಿಂಗ್ ಮಾಡುವವನು, ನನ್ನ ಹಳೆಯ ದೋಸ್ತ. ಎರಡನೇ ಮಾಳಿಗೆಯ ಒಂದು ಕೋಣೆಯಲ್ಲಿ, ನಮ್ಮ ಜನ ಇಲ್ಲಿಗೆ ಬಂದು ಹೇಗೆ ಬದುಕಿದರು ಎಂಬುದನ್ನು ತೋರಿಸುವ ಏನಾದರೊಂದು ಖಾಯಂ ಆಗಿ ಇರಬೇಕೆಂದು ಕಮಿಟಿಯಲ್ಲಿ ತೀರ್ಮಾನವಾಗಿತ್ತು. ರಂಜುವಿನ ವಿಷಯ ನಾನೇ ಹೇಳಿದೆ. ಒಂದು ಸಿನಿಮಾ ಮಾಡಿ ತೋರಿಸಲಿ, ಹಿಡಿಸಿದರೆ ಕೋಣೆ ಅವನಿಗೆ, ಮುಂದೆ ಪ್ರತಿ ವರ್ಷ ನಾಲ್ಕು ಸಿನಿಮಾ ಎಂದರು.

"ಮಾವ, ಇದೊಂದು ಸಿಕ್ಕಿದ್ರೆ ನಾನು ಇದೇ ಕೆಲಸದಲ್ಲಿ ಬದುಕಬಹುದು" ಎಂದ ರಂಜು. "ಸಿಗದಿದ್ರೆ ಘಣಸೋಲಿಯ ಬಿಲ್ಡರಿಗೆ ಹೌದು ಅಂತೇನೆ. ಅವರು ಎರಡು ಸಲ ಕೇಳಿ ಆಯ್ತು. ಇನ್ನು ಎಳೀಲಿಕ್ಕೆ ನನ್ನಿಂದ ಆಗುದಿಲ್ಲ."

ಮೂವತ್ತೈದು ವರ್ಷದ ಗಂಡಸು ಹಾಗೆ ಹೇಳಿದಾಗ ಕರುಳು ಚುರುಕ್ ಎನ್ನದೆ ಇರುತ್ತದೆಯೇ? "ನನ್ನ ಹೋಟೆಲಿನ ಸಿನಿಮಾವೇ ಮಾಡು" ಎಂದೆ.

ಒಂದು ಬೆಳಿಗ್ಗೆ ಕ್ಯಾಮೆರಾ ತಂದು ನಾಲ್ಕನೇ ಮೇಜಿನ ಕುರ್ಚಿಯಲ್ಲಿ, ಕೂತ ಮನುಷ್ಯನ ಕಣ್ಣಿನ ಎತ್ತರಕ್ಕೆ ಇಟ್ಟ. ಎದುರಿಗೆ ಗಲ್ಲಾ ಮತ್ತು ದೀಪ, ಹಿಂದುಗಡೆ ಅಡುಗೆಮನೆಯ ಕಿಂಡಿ.

"ಅದೇ ಮೇಜು ಯಾಕೆ? ಮಧ್ಯದ್ದು ಒಳ್ಳೆದಲ್ವಾ?" ಎಂದೆ.

"ಅಮ್ಮ ಹೇಳಿದ್ರು, ಅಲ್ಲೇ ಇಡು ಅಂತ."

ಅವಳು ಹೇಳಿದ್ದೇಕೆ ಎಂದು ನಾನು ಕೇಳಲಿಲ್ಲ, ಅವನಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಎಲ್ಲರಿಗೂ ದಿನದ ಹಾಗೆಯೇ ಇರಿ, ಕ್ಯಾಮೆರಾ ನೋಡಬೇಡಿ ಎಂದ. ಅಮ್ಮನಿಗೆ ಮಾತ್ರ "ನಾಲ್ಕನೇ ಮೇಜಿನಲ್ಲಿ ಯಾರೋ ಕೂತಿದ್ದಾರೆ ಅಂತ ತಿಳ್ಕೊಂಡು ಎಂತ ಬೇಕಾದ್ರೂ ಮಾತಾಡಿ, ನಾನು ಕೇಳಲಿಕ್ಕೆ ಇರುದಿಲ್ಲ" ಎಂದು ಹೇಳಿ, ಸ್ಟೋರಿನಲ್ಲಿ ಈರುಳ್ಳಿ ಬಟಾಟೆ ಚೀಲಗಳ ಹಿಂದೆ ಹೋಗಿ ಕೂತ. ನಮ್ಮ ಸಪ್ಲಾಯರ್ ಧರ್ಮಪಾಲ ಬಂದವನೇ ಕ್ಯಾಮೆರಾದ ಮುಂದೆ ಒಂದು ಲೋಟ ನೀರು ಇಟ್ಟುಬಿಟ್ಟ. ಕುರ್ಚಿಯಲ್ಲಿ ಏನೋ ಇದೆ, ಮೊದಲು ನೀರು! ಇಪ್ಪತ್ತು ವರ್ಷದ ಅಭ್ಯಾಸ. ನಾನು ಗಲ್ಲಾದಲ್ಲಿ ಎಂದಿನಂತೆ ಕೂತಿದ್ದೆ. ಹಿಂದಿನಿಂದ ಅಡುಗೆಮನೆಯ ಸದ್ದು ಎಂದಿನಂತೆ ಬರುತ್ತಿತ್ತು. ಜಯಾ ಯಾರೊಟ್ಟಿಗೋ ಎಂತದೋ ಮಾತಾಡುತ್ತಿದ್ದಳು.

ತಿಂಗಳು ಕಳೆದ ಮೇಲೆ ರಂಜು ಕಂಪ್ಯೂಟರು ತಂದು ತೋರಿಸಿದ. ಡಬ್ಬ ಕಟ್ಟಿದ ಕೂಡಲೇ ಮೊದಲು ಎದುರಿಗೆ ಏನು ಕಾಣಬೇಕು ಎಂಬುದನ್ನು ಮಾಡುವವನೇ ಗೊತ್ತುಮಾಡಬೇಕಂತೆ. ಇವನು ಗೊತ್ತುಮಾಡಿದ್ದು ಅಡುಗೆಮನೆಯ ಕಿಂಡಿಯನ್ನು! ಕಂಪ್ಯೂಟರಿನಲ್ಲಿ ಮೊದಲ ಚಿತ್ರವೇ ಹೊಗೆ ಹಿಡಿದ ಗೋಡೆ, ಎಂಜಲು ತಟ್ಟೆಯ ಟಬ್ಬು. ನನಗೆ ತಡೆಯಲಾಗಲಿಲ್ಲ.

"ಎಂಚಿನ ಮಾರಾಯ ಇದು? ಎಂಜಲು ತಟ್ಟೆಯಿಂದ ಯಾರಾದ್ರೂ ಶುರು ಮಾಡ್ತಾರಾ? ದೇವಿಯ ಫೋಟೋ ಉಂಟು, ದೀಪ ಉಂಟು. ಶುಭ ಕಾರ್ಯ ಅಂದ್ರೆ ಮೊದಲು ದೀಪ."

"ಮಾವ, ಕತೆ ಇರುವುದು ಕಿಂಡಿಯಲ್ಲಿ. ಮೊದಲು ಅದನ್ನು ನೋಡಿದ್ರೆ ಮತ್ತೆ ತಿರುಗಿ ದೀಪವನ್ನೂ ನೋಡ್ತಾರೆ."

"ಅದೆಲ್ಲ ನನಗೆ ಬೇಡ. ನನ್ನ ಹೋಟೆಲಿನ ಹೆಸರು ಇರುದಾದ್ರೆ ದೀಪ ಎದುರಿಗೆ. ಇಲ್ಲದಿದ್ರೆ ನೀನು ಬೇರೆ ಹೋಟೆಲು ನೋಡ್ಕೋ."

ಏನೋ ಹೇಳಲು ಹೊರಟವನು ನುಂಗಿಕೊಂಡ. "ಆಯ್ತು ಮಾವ, ದೀಪ ಎದುರಿಗೆ ಇಡ್ತೇನೆ. ಆದ್ರೆ ನೋಡುವಾಗ ನೀವು ಹಿಂದೆ ತಿರುಗ್ಬೇಕು. ಮರೀಬೇಡಿ" ಎಂದ. ನಾನು ತಲೆ ಆಡಿಸಿದೆ. ಯಾವ ಕಿವಿಯಿಂದ ಬಂತೋ, ಯಾವ ಕಿವಿಯಿಂದ ಹೋಯಿತೋ.

ವಾಶಿಯಲ್ಲಿ ತೋರಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ಸಂಜೆಯ ಹಿಟ್ಟು ರುಬ್ಬಲಿಕ್ಕಿದೆ ಎಂದು ಜಯಾ ಬರಲಿಲ್ಲ. ಪಕ್ಕದ ಹಾಲಿನಲ್ಲಿ ಭಜನೆಯ ಪ್ರಾಕ್ಟೀಸು, ಹಾರ್ಮೋನಿಯಂ, ತಾಳ. ನೋಡುವವರು ನಾನೂ ಸೇರಿ ಏಳು ಜನ, ರಂಜುವಿನ ಹತ್ತಿರ ಡಬ್ಬ ಮೂರು. ಎಲ್ಲರಿಗೂ ಸುತ್ತ ತಿರುಗುವ ಕುರ್ಚಿ ಬೇಕು ಎಂದು ಅವನು ಆಫೀಸಿನಿಂದ ಕಷ್ಟಪಟ್ಟು ಎತ್ತಿ ತಂದಿಟ್ಟಿದ್ದ.

ಹಿರಿಯ ಎಂದು ಮೊದಲು ನನಗೆ ಕಟ್ಟಿದರು. ಕಣ್ಣಿನ ಮುಂದೆ ಒಮ್ಮೆಗೇ ದೇವಿ, ದೀಪ! ಎಷ್ಟು ಸ್ಪಷ್ಟ ಎಂದರೆ ಬತ್ತಿಯ ತುದಿಯ ಕಪ್ಪು ಸಹ ಕಾಣುತ್ತಿತ್ತು. ನನಗೆ ಗೊತ್ತಿಲ್ಲದೆಯೇ ಕೈ ಮುಗಿಯಿತು. ರಂಜುವಿನ ಸ್ವರ ಕೇಳಿಸಿತು, "ಮಾವ, ತಿರುಗಿ. ಹಿಂದೆ ನೋಡಿ." ಉರಿಯುವ ದೀಪಕ್ಕೆ, ದೇವಿಗೆ ಬೆನ್ನು ಹಾಕಿ ಎಂಜಲು ತಟ್ಟೆ ನೋಡುವುದೇ? ನಾನು ಅಲುಗಲಿಲ್ಲ. ಪಕ್ಕದಲ್ಲಿ ಯಶ್ವಂತನಿಗೂ ಕಾರ್ಯದರ್ಶಿ ಅಮಿತಾ ಅವರಿಗೂ ಡಬ್ಬ ಕಟ್ಟಿದ್ದರು. ಕುರ್ಚಿ ಕಿರ್ ಎಂದು ತಿರುಗುವ ಸದ್ದು ಕೇಳಿ ನಾನೇ ಗದರಿಸಿದೆ, "ದೀಪ ಉಂಟು ಮಾರ್ರೆ, ಬೆನ್ನು ಹಾಕ್ಬೇಡಿ. ಸುಮ್ಮನೆ ಕೂತು ನೋಡಿ." ಕುರ್ಚಿ ನಿಂತಿತು. ಆಮೇಲೆ ಉಳಿದ ನಾಲ್ವರು ಕಟ್ಟಿಕೊಂಡಾಗಲೂ ಪ್ರತಿಯೊಬ್ಬರಿಗೂ ಅದನ್ನೇ ಹೇಳಿದೆ. ಒಳ್ಳೆಯದನ್ನೇ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಏಳು ಜನವೂ ಪೂಜೆಗೆ ಕೂತವರ ಹಾಗೆ ನೆಟ್ಟಗೆ ಮುಂದೆ ನೋಡಿಕೊಂಡು ಹನ್ನೊಂದು ನಿಮಿಷ ಕೂತರು.

ಎಲ್ಲ ಮುಗಿದ ಮೇಲೆ ಯಶ್ವಂತ್ ಕಣ್ಣು ಉಜ್ಜಿಕೊಂಡು ಹೇಳಿದ, "ದೀಪ ಲಾಯ್ಕ್ ಬಂದಿದೆ ರಂಜನ್. ಆದ್ರೆ ಹನ್ನೊಂದು ನಿಮಿಷವೂ ಒಂದು ದೀಪ, ಒಂದು ಕಿಟ್ಟಣ್ಣನ ಬೋಳು ಮಂಡೆ. ಇದಕ್ಕೆ ಸಿನಿಮಾ ಅಂತ ಹೇಳ್ಲಿಕ್ಕಾಗ್ತದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ.

"ಮತ್ತೆ ಹಿಂದಿನಿಂದ ಯಾರೋ ಹೆಂಗಸಿನ ಸ್ವರ ಬರ್ತಾ ಇತ್ತು" ಎಂದರು ಅಮಿತಾ. "ಭಜನೆ ಗಲಾಟೆಯಲ್ಲಿ ಎಂತ ಅಂತ ಸರಿ ಕೇಳಿಸಲಿಲ್ಲ. ಅದನ್ನು ಕಟ್ ಮಾಡಿದ್ರೆ ಒಳ್ಳೆದು, ಡಿಸ್ಟರ್ಬ್ ಆಗ್ತದೆ."

"ತಿರುಗಿ ನೋಡಿದ್ರಾ ಯಾರಾದ್ರೂ?" ಎಂದು ಕೇಳಿದ ರಂಜು.

"ದೀಪಕ್ಕೆ ಬೆನ್ನು ಹಾಕ್ಲಿಕ್ಕಾಗ್ತದಾ? ನಿನ್ನ ಮಾವನೇ ಹೇಳಿದ್ದಲ್ವಾ" ಎಂದ ಯಶ್ವಂತ್.

"ಇನ್ನೊಂದು ಸಲ ನೋಡಿ. ಶುರುವನ್ನು ಮಾತ್ರ ಬದಲು ಮಾಡ್ತೇನೆ, ಹತ್ತು ನಿಮಿಷ ಸಾಕು ನನಗೆ."

"ಊಟ ತಯಾರಿದೆ ಮಾರಾಯ. ಇನ್ನೊಮ್ಮೆ ಯಾವಾಗಾದ್ರೂ ನೋಡುವ" ಎಂದು ಯಶ್ವಂತ್ ಎದ್ದ. ಆ ಇನ್ನೊಮ್ಮೆ ಬರಲೇ ಇಲ್ಲ. ಮುಂದಿನ ಮೀಟಿಂಗಿನಲ್ಲಿ ಕೋಣೆ ದಾನಿಗಳ ಫೋಟೋಗಳಿಗೆ ಹೋಯಿತು. ಈಗ ಹೋದರೆ ನಾಲ್ಕು ಗೋಡೆಯಲ್ಲೂ ಶಾಲು ಹೊದ್ದವರು ಕಾಣುತ್ತಾರೆ.

ಅಂದು ವಾಶಿಯಿಂದ ಠಾಣೆಯವರೆಗೆ ಟ್ರೈನಿನಲ್ಲಿ ನಾನು ಸಂಘದವರ ಜನ್ಮ ಜಾಲಾಡಿದೆ. ಊಟದ ಬುದ್ಧಿಯವರು, ಕಲೆ ಎಂದರೆ ಏನೆಂದು ಗೊತ್ತಿಲ್ಲದ ಮುಠ್ಠಾಳರು ಎಂದೆಲ್ಲ ಬೈದೆ. ರಂಜು ಡಬ್ಬಗಳ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ಠಾಣೆಯಲ್ಲಿ ಡೊಂಬಿವಲಿ ಲೋಕಲಿಗೆ ಕಾಯುವಾಗ "ಮಾವ, ಸಾಕು" ಎಂದ. ಅಷ್ಟೆ. ನನಗೆ ಸಿಟ್ಟು ಬಂತು. ಇವನ ಪರವಾಗಿ ಬಾಯಿ ನೋಯಿಸಿಕೊಂಡರೆ ಇವನಿಗೇ ಪಿರಿಪಿರಿ!

ಮುಂದಿನ ಒಂದನೇ ತಾರೀಕಿಗೆ ಘಣಸೋಲಿಗೆ ಸೇರಿದ. ಕ್ಯಾಮೆರಾವನ್ನು ಕಲ್ಯಾಣದ ಒಬ್ಬ ಮದುವೆ ವಿಡಿಯೋದವನಿಗೆ ಮಾರಿದ. ಮೊದಲು ಹೋಟೆಲಿಗೆ ಬಂದರೆ ಚಹಾ ಕುಡಿಯುತ್ತಾ ಒಂದು ಗಂಟೆ ತಲೆ ತಿನ್ನುತ್ತಿದ್ದ, ಈಗ ಟಿಫಿನ್ ಡಬ್ಬಿ ತೆಗೆದುಕೊಂಡು ನೇರ ಸ್ಟೇಷನ್ನಿಗೆ. ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ. ನನ್ನೊಟ್ಟಿಗೆ ಜಯಾಳ ಮಾತು ಕಡಿಮೆಯಾಗಿತ್ತು, ಆದರೆ ಸಾಂಬಾರು ಕೆಟ್ಟಿರಲಿಲ್ಲವಲ್ಲ, ನಾನೂ ಅಷ್ಟು ಗಮನಿಸಲಿಲ್ಲ.

ಕಳೆದ ತಿಂಗಳು ನನ್ನ ಮಗಳು ಅನುಷ್ಕಾ ಫ್ಲ್ಯಾಟು ನೋಡಬೇಕೆಂದು ನನ್ನನ್ನು ಘಣಸೋಲಿಗೆ ಎಳೆದುಕೊಂಡು ಹೋದಳು. ಠಾಣೆಯಲ್ಲಿ ಬ್ಯಾಂಕಿನ ಕೆಲಸ ಅವಳಿಗೆ. ಇಲ್ಲಿಯೇ ಹುಟ್ಟಿ ಬೆಳೆದವಳು, ನಾನು ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಹಿಂದಿಯಲ್ಲಿಯೇ. ಹೋದದ್ದು ರಂಜುವಿನ ಬಿಲ್ಡರನ ಆಫೀಸಿಗೆ. ಅಲ್ಲಿ ಸಾಲಾಗಿ ಕೂತ ಮುದುಕ ಮುದುಕಿಯರು ಡಬ್ಬ ಕಟ್ಟಿಕೊಂಡು ಗಿರಗಿರ ತಿರುಗುತ್ತಿದ್ದರು. "ಇಧರ್ ಬಾಲ್ಕನಿ ಹೈ ಕ್ಯಾ?", "ಗ್ಯಾಸ್ ಕುಠೇ ಠೇವಾಯಚಾ?" ಎಂದು ಬಾಲ್ಕನಿ, ಗ್ಯಾಸ್ ಇಡುವ ಜಾಗ ಕೇಳುವವರ ಒಂದೇ ಗದ್ದಲ. ರಂಜು ನನಗೂ ಕಟ್ಟಿದ. ಇನ್ನೂ ಇಲ್ಲದ ಮನೆಯ ನಡುವೆ ನಾನು ನಿಂತಿದ್ದೆ. ಹಾಲ್ ನೋಡಿದೆ. ಅಡುಗೆಮನೆ ಎಲ್ಲಿ ಎಂದು ಹಿಂದೆ ತಿರುಗಿದೆ. ದೇವರ ಮೂಲೆಗೆ ಹೊಂದಿಕೊಂಡು ಬಾತ್‌ರೂಮು ಇದೆಯೋ ಎಂದು ಪೂರ್ತಿ ಒಂದು ಸುತ್ತು ಬಂದೆ.

"ಈಗ ಎಷ್ಟು ಚಂದ ತಿರುಗ್ತೀರಿ ಮಾವ" ಎಂದ ರಂಜು. ಅವನ ಸ್ವರದಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಚುಚ್ಚಿತು.

ಹೊರಗೆ ಬಂದು ಚಹಾ ಕುಡಿಯುವಾಗ ನಾನು ಮತ್ತೆ ವಾಶಿಯವರನ್ನು ಬೈಯಲು ಶುರು ಮಾಡಿದೆ, ಇಂಥ ಹುಡುಗನನ್ನು ಇಲ್ಲಿಗೆ ತಂದು ಹಾಕಿದರಲ್ಲ ಎಂದು. ಅನುಷ್ಕಾ ನನ್ನನ್ನೇ ನೋಡಿದಳು.

"ಪಪ್ಪಾ, ಆಪ್‌ನೇ ಅತ್ತೆವಾಲಾ ಪಾರ್ಟ್ ದೇಖಾ ಹೈ ನಾ?" ಆ ಸಿನಿಮಾದಲ್ಲಿ ಅತ್ತೆಯ ಭಾಗ ನೋಡಿದ್ದೀರಲ್ಲ ಎಂದು ಕೇಳಿದಳು.

"ಯಾವ ಅತ್ತೆ? ಅದರಲ್ಲಿ ಅತ್ತೆ ಎಲ್ಲಿದ್ದಾಳೆ?"

ಅವಳು ಚಹಾದ ಗ್ಲಾಸು ಕೆಳಗಿಟ್ಟಳು. ರಂಜುವಿನ ಕಡೆ ನೋಡಿ, "ಇನ್ಹೋನೇ ದೇಖಾ ಹೀ ನಹೀ, ರಂಜುದಾದಾ!" ಎಂದಳು, ಇವರು ನೋಡಿಯೇ ಇಲ್ಲ ಎಂದು. ಅವಳು ಅದನ್ನು ರಂಜುವಿನ ಡಬ್ಬದಲ್ಲಿ ಮನೆಯಲ್ಲಿಯೇ ನೋಡಿದ್ದಳಂತೆ. "ರಂಜು, ಆ ಸಿನಿಮಾ ಉಂಟಾ ಇನ್ನೂ?" ಎಂದು ಕೇಳಿದೆ.

"ಫೈಲು ಉಂಟು ಮಾವ. ಈಗ ಯಾಕೆ? ಬಿಡಿ."

"ಭಾನುವಾರ ತಾ."

ತಂದ. ಡಬ್ಬ ಬಿಲ್ಡರನದ್ದು, ಸೋಮವಾರ ವಾಪಸು ಇಡಬೇಕು ಎಂದ. ಮಧ್ಯಾಹ್ನ ಊಟದ ಗಿರಾಕಿಗಳು ಹೋಗಿ, ಶಟರು ಅರ್ಧ ಇಳಿಸಿದ ಹೊತ್ತು. ನಾಲ್ಕನೇ ಮೇಜಿನಲ್ಲಿಯೇ ಕೂತು ಕಟ್ಟಿಕೊಂಡೆ. ಎದುರಿಗೆ ದೇವಿ, ದೀಪ. ಮನಸ್ಸಿನಲ್ಲಿ ತಪ್ಪಾಯಿತು ಎಂದು ಹೇಳಿ, ಬೆನ್ನು ಹಾಕಿದೆ.

ಕಿಂಡಿಯಲ್ಲಿ ಜಯಾ ನಿಂತಿದ್ದಳು. ಕೈಯಲ್ಲಿ ಹಿಟ್ಟಿನ ಸೌಟು. ನೇರ ನನ್ನ ಕಣ್ಣಿಗೇ ನೋಡುತ್ತಿದ್ದಳು. ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ ಎಂದುಕೊಂಡೆ.

"ಕೂತ್ಕೊಳ್ಳಿ" ಎಂದಳು ತುಳುವಿನಲ್ಲಿ. "ನೀವು ಯಾರು ಅಂತ ನನಗೆ ಗೊತ್ತಿಲ್ಲ. ಅಲ್ಲಿ ಯಾರೋ ಇದ್ದಾರೆ ಅಂತ ತಿಳ್ಕೊಳ್ಳಿಕ್ಕೆ ಮಗ ಹೇಳಿದ್ದಾನೆ. ಆ ಮೇಜು ಒಳ್ಳೆದು. ಫ್ಯಾನಿನ ಗಾಳಿ ಬರ್ತದೆ, ರಸ್ತೆ ಕಾಣ್ತದೆ. ಇಪ್ಪತ್ತೇಳು ವರ್ಷದಿಂದ ನಾನು ಅದನ್ನು ಇಲ್ಲಿಂದ ನೋಡ್ತಾ ಇದ್ದೇನೆ. ನನಗೂ ಒಮ್ಮೆ ಅಲ್ಲಿ ಬಂದು ಕೂತು, 'ಒಂದು ಮಸಾಲೆ ದೋಸೆ, ಚಟ್ನಿ ಜಾಸ್ತಿ' ಅಂತ ಹೇಳ್ಬೇಕು ಅಂತ ಉಂಟು. ಅಣ್ಣ ತಂದುಕೊಡ್ಬೇಕು. ದೋಸೆ ಸಿಗುದಿಲ್ಲ ಅಂತ ಅಲ್ಲ, ದಿನಾ ಇಲ್ಲಿ ನಿಂತುಕೊಂಡು ತಿಂತೇನೆ. ಅಲ್ಲಿ ಕೂತು ತಿನ್ಬೇಕು ಅಂತ, ಅಷ್ಟೆ." ಸ್ವಲ್ಪ ನಕ್ಕಳು. ಆಮೇಲೆ ನನ್ನ ತಲೆಯ ಮೇಲಿಂದ ಆಚೆ, ಗಲ್ಲಾದ ಕಡೆ ನೋಡಿ ಸ್ವರ ಏರಿಸಿದಳು. "ಅಣ್ಣಾ, ಕೇಳಿಸ್ತಾ?"

ನಾನು ಮುಂದೆ ತಿರುಗಿದೆ. ಗಲ್ಲಾದಲ್ಲಿ ನನ್ನ ಬೆನ್ನು. ನನ್ನ ಬೋಳು ತಲೆ. ಆ ತಲೆ ಅಲುಗಲಿಲ್ಲ. ಕೈ ಮಾತ್ರ ಮೇಲೆ ಹೋಯಿತು.

"ಹ್ಞಾಂ ಹ್ಞಾಂ. ಮೂರನೇ ಮೇಜಿಗೆ ಎರಡು ಪ್ಲೇಟ್ ಇಡ್ಲಿ ಕಳಿಸು ಜಯಾ."

ಹಿಂದೆ ತಿರುಗಿದೆ. ಜಯಾ ಕಿಂಡಿಯಲ್ಲಿ ಒಂದು ಕ್ಷಣ ಹಾಗೆಯೇ ನಿಂತಿದ್ದಳು. ಆಮೇಲೆ ಸೌಟು ಕೆಳಗಿಟ್ಟು ಇಡ್ಲಿ ತೆಗೆಯಲು ಹೋದಳು. ನಾನು ಮತ್ತೆ ಮುಂದೆ ತಿರುಗಿದೆ. ಆ ಮನುಷ್ಯ ಇನ್ನೂ ರಸ್ತೆಯನ್ನೇ ನೋಡುತ್ತಿದ್ದ. ಕೈಗೆಟುಕುವಷ್ಟು ಹತ್ತಿರದಲ್ಲಿದ್ದ, ಹೋಗಿ ಕತ್ತು ಹಿಡಿದು ತಿರುಗಿಸಬೇಕು ಎನಿಸಿತು.

"ತಿರುಗು ಮಾರಾಯ!" ಎಂದು ಕಿರುಚಿದೆ. "ಒಮ್ಮೆ ತಿರುಗು! ಅಲ್ಲಿ ಅವಳು ಕೇಳ್ತಾ ಇದ್ದಾಳೆ, ತಿರುಗು!"

"ಯಾರಿಗೆ ಬೈತಾ ಇದ್ದೀರಿ ಅಣ್ಣಾ?"

ಡಬ್ಬ ತೆಗೆದೆ. ಒಳಗೆಲ್ಲ ಒದ್ದೆಯಾಗಿತ್ತು. ಕಿಂಡಿಯಲ್ಲಿ ನಿಜವಾದ ಜಯಾ ನಿಂತಿದ್ದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ. ನಾನು ಎದ್ದು ಕುರ್ಚಿ ಹಿಂದೆ ಎಳೆದೆ.

"ಬಾ ಜಯಾ. ಇಲ್ಲಿ ಕೂತ್ಕೋ. ಮಸಾಲೆ ದೋಸೆ ನಾನು ತರ್ತೇನೆ. ಚಟ್ನಿ ಜಾಸ್ತಿ."

ಅವಳು ನನ್ನನ್ನು ನೋಡಿದಳು. ಮೇಜಿನ ಮೇಲಿದ್ದ ಡಬ್ಬ ನೋಡಿದಳು, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಮಗನನ್ನು ನೋಡಿದಳು.

"ಬೇಡ ಅಣ್ಣಾ" ಎಂದಳು. "ನನ್ನ ದೋಸೆ ಎಲ್ಲಿಗೂ ಓಡಿ ಹೋಗುದಿಲ್ಲ. ಆ ದಿನ ವಾಶಿಯಲ್ಲಿ ನೀವು ಒಮ್ಮೆ ತಿರುಗಿದ್ರೆ ಸಾಕಿತ್ತು."

ರಂಜು ಡಬ್ಬವನ್ನು ಒರೆಸಿ ಚೀಲಕ್ಕೆ ಹಾಕಿ ಜಿಪ್ಪು ಎಳೆದ.